ಅಮ್ಮನಿಗೆ ಮೈಲೋಮಾ. ಮನೆ ತುಂಬ ಜನ ಬಂದು ಹೋಗ್ತಾರೆ, ಅಮ್ಮ ಮಾತ್ರ ಮಾತಾಡುವುದಿಲ್ಲ

ಹೆಬ್ರಿ_ಲಾಸ್ಟ್‌ಬಸ್
ಭಾನುವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಹೆಬ್ರಿಯಿಂದ 6 ಕಿಲೋಮೀಟರ್ ಒಳಗೆ. ಅಮ್ಮನಿಗೆ 54 ವರ್ಷ. ಅಪ್ಪ ಇಲ್ಲ. ಅಕ್ಕ ಮುಂಬೈಯಲ್ಲಿ. ಅಮ್ಮ ಮದುವೆಯಾಗಿ ಬಂದಾಗಿನಿಂದ ಬೀಡಿ ಕಟ್ಟಿದವರು. ನಮ್ಮಿಬ್ಬರ ಶಾಲೆ, ಅಕ್ಕನ ಮದುವೆ ಎಲ್ಲ ಆ ತಡ್ಪೆಯಿಂದಲೇ, ಅಂದರೆ ಬೀಡಿ ಕಟ್ಟುವ ಮೊರದಿಂದಲೇ ಆದದ್ದು.

ಹೋದ ವರ್ಷ ಬೆನ್ನು ನೋವು ಶುರುವಾಯಿತು. ದಿನವಿಡೀ ಬಗ್ಗಿ ಬೀಡಿ ಕಟ್ಟುವವರಿಗೆ ಬೆನ್ನು ನೋಯದೆ ಇರ್ತದಾ ಅಂದೆವು ನಾವು. ತೋರಿಸಿದ ಡಾಕ್ಟರೂ ಅದನ್ನೇ ಅಂದರು. ಎಂಟು ತಿಂಗಳು ಎಣ್ಣೆ ತಿಕ್ಕಿದ್ದು, ನೋವಿನ ಮಾತ್ರೆ ನುಂಗಿದ್ದು ಅಷ್ಟೆ. ಒಂದು ದಿನ ಬಾವಿಯಿಂದ ಕೊಡಪಾನ ಎತ್ತುವಾಗ ಬೆನ್ನೊಳಗೆ ಟಕ್ ಅಂತು. ಅಲ್ಲಿಂದ ಮಣಿಪಾಲದ ಆಸ್ಪತ್ರೆಗೆ. ಬೆನ್ನಿನ ಒಂದು ಮೂಳೆ ಜಜ್ಜಿ ಹೋಗಿತ್ತು, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ರಿಪೋರ್ಟ್ ಬಂದಾಗ ಮಲ್ಟಿಪಲ್ ಮೈಲೋಮಾ, ಅಂದರೆ ಮೂಳೆಯ ಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್.

ನಾನು ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವುದು. ದಿನಕ್ಕೆ ಎಷ್ಟು ಜನರ ಆಸ್ಪತ್ರೆ ಫೈಲು ಈ ಕೈಯಲ್ಲಿ ಹೋಗುತ್ತದೋ ಲೆಕ್ಕ ಇಲ್ಲ. ಒಂದನ್ನೂ ಓದಿದವನಲ್ಲ. ಆಯುಷ್ಮಾನ್ ಕಾರ್ಡಿನ ಕೆಲಸಕ್ಕೆ ಅಂತ ಅಮ್ಮನ ಫೈಲನ್ನು ಮೂರು ಕಾಪಿ ಮಾಡಬೇಕಿತ್ತು. ಮೆಷಿನ್ನಿನ ಬೆಳಕು ಆ ಕಡೆಯಿಂದ ಈ ಕಡೆಗೆ ಹೋಗುವಾಗ ಹೆಸರು ಅಮ್ಮನದೇ ಅಂತ ಮೂರು ಸಲ ನೋಡಿದೆ.

ಈಗ ಚಿಕಿತ್ಸೆ ಶುರುವಾಗಿ ಎರಡೂವರೆ ತಿಂಗಳು. ಪ್ರತಿ ಮಂಗಳವಾರ ಹೊಟ್ಟೆಯ ಚರ್ಮಕ್ಕೆ ಬೋರ್ಟೆಝೋಮಿಬ್ ಇಂಜೆಕ್ಷನ್, ಆ ದಿನವೇ ಹತ್ತು ಸಣ್ಣ ಮಾತ್ರೆ, ಬೇರೆ ಒಂದು ಕ್ಯಾಪ್ಸೂಲ್. ದುಡ್ಡಿನ ವಿಷಯ ಕಾರ್ಡಿನಿಂದ ಹೇಗೋ ನಡೆಯುತ್ತಿದೆ. ಅದು ನನ್ನ ಪ್ರಶ್ನೆ ಅಲ್ಲ.

ಅಮ್ಮ ಮಾತು ಬಿಟ್ಟಿದ್ದಾರೆ. ಮೊದಲು ಹಾಗಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ನಮ್ಮ ಜಗಲಿಗೇ ತಡ್ಪೆ ತರುತ್ತಿದ್ದರು. ಕೈ ಎಷ್ಟು ಓಡುತ್ತಿತ್ತೋ ಬಾಯಿ ಅದಕ್ಕಿಂತ ಜಾಸ್ತಿ. ಈಗ ಹೊಗೆಸೊಪ್ಪಿನ ಧೂಳು ಬೇಡ ಅಂತ ಡಾಕ್ಟರ್ ಹೇಳಿದ್ದರಿಂದ ಅವರು ಬೇರೆ ಮನೆಯಲ್ಲಿ ಕೂರುತ್ತಾರೆ. ಹೆಂಗಸರ ಸಂಘದ ಲೆಕ್ಕದ ಪುಸ್ತಕವನ್ನೂ ಅಮ್ಮನೇ ಬರೆಯುತ್ತಿದ್ದದ್ದು. ಪಾಪ, ವಿಶ್ರಾಂತಿ ತಗೊಳ್ಳಿ ಅಂತ ಅದನ್ನೂ ತಗೊಂಡು ಹೋದರು. ಒಳ್ಳೆಯದೇ ಆಯ್ತು ಅಂದುಕೊಂಡೆ.

ನೋಡಲು ಬರುವವರಿಗೆ ಕಮ್ಮಿ ಇಲ್ಲ. ಬ್ರೆಡ್ಡು, ಹಾರ್ಲಿಕ್ಸು, ಬಾಳೆಹಣ್ಣು. "ಎಂಚ ಉಲ್ಲರ್?" (ಹೇಗಿದ್ದೀರಿ) ಅಂತ ತುಳುವಿನಲ್ಲಿ ಕೇಳಿ, ಉತ್ತರ ಬರುವ ಮೊದಲೇ ತಮ್ಮ ಕಡೆಯಲ್ಲಿ ಯಾರಿಗೋ ಹೀಗೇ ಆಗಿ ತೀರಿಕೊಂಡ ಕತೆ ಶುರು ಮಾಡುತ್ತಾರೆ. ಒಬ್ಬರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿ ಅಂತಾರೆ. ಇನ್ನೊಬ್ಬರು ಬೀಡಿ ಕಟ್ಟಿದ್ದಕ್ಕೇ ಬಂದದ್ದು ಅಂತ ಅಮ್ಮನ ಎದುರೇ ಹೇಳಿ ಹೋದರು. ಅಮ್ಮ ಗೋಡೆ ನೋಡುತ್ತಾ ಕೂರುತ್ತಾರೆ.

ಹೋದ ಮಂಗಳವಾರ ರಾತ್ರಿ ಎರಡು ಗಂಟೆಗೆ ಎದ್ದು ದೇವರ ದೀಪ ಎಲ್ಲ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು. ಮಲಗಿ ಅಂದದ್ದಕ್ಕೆ ನನಗೆ ಬೈದರು. ಶುಕ್ರವಾರ ಗಂಜಿ ಬಟ್ಟಲು ಹಿಡಿದುಕೊಂಡೇ ಅತ್ತರು. ಏನಾಯ್ತು ಅಂದರೆ ಏನಿಲ್ಲ. ಅದರ ಹಿಂದಿನ ವಾರವೂ ಹೀಗೇ ಒಂದು ದಿನ ಅತ್ತಿದ್ದರು.

ಇನ್ನೊಂದು ವಿಷಯ. ಕ್ಯಾನ್ಸರ್ ಅಂತ ನಾವು ಅಮ್ಮನಿಗೆ ಹೇಳಿಲ್ಲ. ರಕ್ತ ಕಮ್ಮಿ, ಮೂಳೆ ಸವೆದಿದೆ ಅಂತ ಹೇಳಿದ್ದೇವೆ. ಅಕ್ಕ ಹೇಳಲೇಬೇಡ ಅಂತಾಳೆ. ಕೌನ್ಸೆಲಿಂಗ್ ಅಂತ ಮತ್ತೊಂದು ದಿನ ಮಣಿಪಾಲಕ್ಕೆ ಕರಕೊಂಡು ಹೋಗೋಣ ಅಂದರೆ ಬಸ್ಸಿನಲ್ಲಿ ಆ ಬೆನ್ನಿಗೆ ಆಗುವುದಿಲ್ಲ. ಫೋನಿನಲ್ಲಿ ಮಾತಾಡಿಸೋಣ ಅಂದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಹಟ್ಟಿಯ ಹತ್ತಿರ ಮಾತ್ರ. ದನದ ಎದುರು ನಿಂತು ಯಾರು ಮನಸ್ಸು ಬಿಚ್ಚುತ್ತಾರೆ?

ಹಳ್ಳಿಯಲ್ಲಿ ಇದ್ದುಕೊಂಡು ಇಂಥವರಿಗೆ ಮನಸ್ಸಿಗೆ ಧೈರ್ಯ ಕೊಡುವುದು ಹೇಗೆ? ಅನುಭವ ಇದ್ದವರು ಹೇಳಿ.

---

ಪಾಸಿಟಿವ್_ಪ್ರಭೆ
ಭಾನುವಾರ, ರಾತ್ರಿ 11.05

ತಮ್ಮಾ, ಧೈರ್ಯವೇ ಅರ್ಧ ಔಷಧಿ. ಅಮ್ಮನಿಗೆ ಸದಾ ನಗುತ್ತಾ ಇರಲು ಹೇಳಿ. ಲಕ್ಷ್ಮಣಫಲದ ಎಲೆ ಕಷಾಯ ದಿನಾ ಎರಡು ಸಲ ಕೊಡಿ, ಇಂಜೆಕ್ಷನ್ ಕ್ರಮೇಣ ಬಿಡಬಹುದು. ನಮ್ಮ ಪರಿಚಯದವರಿಗೆ ಪೂರ್ತಿ ವಾಸಿ ಆಗಿದೆ.

---

ಡೇಕೇರ್_ಸಿಸ್ಟರ್
ಸೋಮವಾರ, ಬೆಳಿಗ್ಗೆ 6.20

ಮೇಲಿನವರು ಹೇಳಿದ ಹಾಗೆ ಇಂಜೆಕ್ಷನ್ ಬಿಡಬೇಡಿ. ಕಷಾಯವೂ ಬೇಡ. ಮೈಲೋಮಾದವರಿಗೆ ಕಿಡ್ನಿ ಮೊದಲೇ ಸೂಕ್ಷ್ಮ, ಯಾವ ಎಲೆ ಏನು ಮಾಡುತ್ತದೋ ಹೇಳಲಿಕ್ಕಾಗದು. ಹಿಂದೆ ತಗೊಳ್ಳುತ್ತಿದ್ದ ನೋವಿನ ಮಾತ್ರೆ ಮನೆಯಲ್ಲಿ ಉಳಿದಿದ್ದರೆ ಅದನ್ನೂ ಎತ್ತಿಡಿ. ಡೈಕ್ಲೋಫೆನಾಕ್ ಥರದ್ದು ಕಿಡ್ನಿಗೆ ಪೆಟ್ಟು. ನೋವು ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.

ನಾನು ಕಿಮೋ ಡೇಕೇರ್‌ನಲ್ಲಿ 11 ವರ್ಷದಿಂದ ಇರುವವಳು. ನೀವು ಬರೆದದ್ದನ್ನು ಎರಡು ಸಲ ಓದಿದೆ. ಆ ಹತ್ತು ಸಣ್ಣ ಮಾತ್ರೆ ಡೆಕ್ಸಾಮೆಥಾಸೋನ್ ಇರಬೇಕು, 4 ಮಿಲಿಗ್ರಾಂನದ್ದು ಹತ್ತು, ಒಟ್ಟು 40. ಅದು ಸ್ಟೀರಾಯ್ಡ್. ಚೀಟಿ ನೋಡಿ ಖಚಿತ ಮಾಡಿಕೊಳ್ಳಿ. ತಗೊಂಡ ದಿನ ಮತ್ತು ಮರುದಿನ ನಿದ್ದೆ ಬರುವುದಿಲ್ಲ, ಮೈಯಲ್ಲಿ ಇಲ್ಲದ ಹುರುಪು, ಸಿಟ್ಟು. ಎರಡು ಮೂರು ದಿನ ಬಿಟ್ಟು ಅದರ ಬಲ ಇಳಿಯುತ್ತಿದ್ದ ಹಾಗೆ ಒಮ್ಮೆಲೇ ಸುಸ್ತು, ಅಳು. ನಮ್ಮ ವಾರ್ಡಿನ ಒಬ್ಬರು ಅಜ್ಜ ಇದಕ್ಕೆ "ಉಬ್ಬರ ಇಳಿತ" ಅಂತ ಹೆಸರಿಟ್ಟಿದ್ದರು. ಅವರು ಸಮುದ್ರ ತೀರದ ಮಲ್ಪೆಯವರು.

ನಿಮ್ಮ ಅಮ್ಮ ಮಂಗಳವಾರ ರಾತ್ರಿ ದೀಪ ತಿಕ್ಕಿದ್ದು, ಶುಕ್ರವಾರ ಅತ್ತದ್ದು. ಹಿಂದಿನ ವಾರ ಅತ್ತದ್ದು ಯಾವ ದಿನ? ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ವಾರ ಗುರುತು ಹಾಕಿ ನೋಡಿ. ಮಾತ್ರೆ ಎಷ್ಟು ಹೊತ್ತಿಗೆ ಕೊಡುತ್ತೀರಿ ಅನ್ನುವುದನ್ನೂ ಬರೆಯಿರಿ. ನೀವಾಗಿ ನಿಲ್ಲಿಸಬೇಡಿ, ಅದೂ ಚಿಕಿತ್ಸೆಯ ಭಾಗವೇ.

ಎಲ್ಲ ದುಃಖವೂ ಮಾತ್ರೆಯದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟು ಪಾಲು ಮಾತ್ರೆಯದ್ದು ಅಂತ ತಿಳಿದರೆ ಉಳಿದದ್ದು ಕಣ್ಣಿಗೆ ಕಾಣುತ್ತದೆ.

ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸಹಾಯವಾಣಿ ಇದೆ, 14416. ಸರ್ಕಾರದ್ದು, ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಮ್ಮನೇ ಮಾಡಬೇಕು ಅಂತಿಲ್ಲ, ನೀವು ಮಣಿಪಾಲದಲ್ಲಿ ಇರುವಾಗ ನೀವೇ ಮಾಡಿ. ಮತ್ತೊಂದು, ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೇಳಿದ್ದು ಇದಲ್ಲ ಅಂತ ಗೊತ್ತು. ಹಳ್ಳಿಯವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

---

ಹೆಬ್ರಿ_ಲಾಸ್ಟ್‌ಬಸ್
ಸೋಮವಾರ, ಮಧ್ಯಾಹ್ನ 1.50

ಸಿಸ್ಟರ್, ಚೀಟಿಯಲ್ಲಿ ಡೆಕ್ಸಾ ಅಂತಲೇ ಇದೆ. ಹಿಂದಿನ ವಾರ ಅತ್ತದ್ದೂ ಶುಕ್ರವಾರವೇ. ಅವತ್ತು ನಾನು ಅರ್ಧ ದಿನ ರಜೆ ಹಾಕಿದ್ದೆ, ಹಾಗಾಗಿ ನೆನಪಿದೆ.

ಮಾತ್ರೆ ರಾತ್ರಿ ಊಟ ಆದ ಮೇಲೆ ಕೊಡುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಬಸ್ಸು, ಪೆರ್ಡೂರು ಕಳೆಯುವಾಗ ಅಮ್ಮನಿಗೆ ವಾಂತಿ ಬಂದ ಹಾಗಾಗುತ್ತದೆ, ಖಾಲಿ ಹೊಟ್ಟೆಗೆ ಹತ್ತು ಮಾತ್ರೆ ಬೇಡ ಅಂತ ನಾನೇ ತೀರ್ಮಾನ ಮಾಡಿದ್ದು. ಯಾರನ್ನೂ ಕೇಳಿರಲಿಲ್ಲ.

---

ಡೇಕೇರ್_ಸಿಸ್ಟರ್
ಸೋಮವಾರ, ಮಧ್ಯಾಹ್ನ 2.30

ಅದೇ ನೋಡಿ. ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡುವುದು. ನಾಳೆ ಹೋಗುವಾಗ ಎರಡು ಇಡ್ಲಿ ಕಟ್ಟಿಕೊಂಡು ಹೋಗಿ, ಅಲ್ಲಿ ಇಳಿದು ತಿನ್ನಿಸಿ, ಡಾಕ್ಟರನ್ನು ಕೇಳಿ ಅಲ್ಲೇ ಕೊಡಿ. ನಿಮ್ಮನ್ನು ಬೈಯುತ್ತಿಲ್ಲ. ಹೀಗೆ ಮಾಡುವ ಮನೆಗಳು ಬೇಕಾದಷ್ಟಿವೆ.

---

ಉಪ್ಪಿನಂಗಡಿ_ಟೀಚರ್
ಸೋಮವಾರ, ಸಂಜೆ 5.15

ಮಗಾ, ನನಗೂ ಮೈಲೋಮಾ. ಈಗ 62 ವರ್ಷ, ಕಾಯಿಲೆಗೆ ನಾಲ್ಕು ವರ್ಷ. 34 ವರ್ಷ ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನ ತನಕ ಪಾಠ ಮಾಡಿದವಳು, ಹಾಗಾಗಿ ಸ್ವಲ್ಪ ಗದರಿದ ಹಾಗೆ ಕಂಡರೆ ಸಹಿಸಿಕೋ.

ಮೊದಲನೆಯದಾಗಿ, ಸಂಘದ ಪುಸ್ತಕ ಬರೆಯುವ ಹೆಂಗಸಿಗೆ ಆಸ್ಪತ್ರೆಯ ಬೋರ್ಡು ಓದಲು ಬರುವುದಿಲ್ಲವಾ? ಎರಡೂವರೆ ತಿಂಗಳಿನಿಂದ ವಾರ ವಾರ ಆ ಬಾಗಿಲಲ್ಲಿ ಹೋಗಿ ಬರುತ್ತಿದ್ದಾರೆ. ಪಕ್ಕದ ಕುರ್ಚಿಯವರ ಹತ್ತಿರ ಕೇಳಿರುವುದಿಲ್ಲವಾ? ಅಮ್ಮನಿಗೆ ಗೊತ್ತಿದೆ. ನಿಮಗೆ ಗೊತ್ತಾಗಬಾರದು ಅಂತ ಅವರು ಮುಚ್ಚಿಡುತ್ತಿದ್ದಾರೆ, ಅವರಿಗೆ ಗೊತ್ತಾಗಬಾರದು ಅಂತ ನೀವು. ಒಂದೇ ಮನೆಯಲ್ಲಿ ಎಷ್ಟು ಕಷ್ಟ ಇದು! ನಮ್ಮಲ್ಲಿಯೂ ಹೀಗೇ ಆಯಿತು. ನನ್ನ ಯಜಮಾನರು ಡಾಕ್ಟರಿಗೆ ಕಣ್ಸನ್ನೆ ಮಾಡುತ್ತಿದ್ದರು, ನಾನು ನೋಡದವಳ ಹಾಗೆ ಕೂತಿದ್ದೆ. ಕಣ್ಸನ್ನೆ ಮಾಡುವ ಮಕ್ಕಳನ್ನು ನೋಡಿ ನೋಡಿ ನಿವೃತ್ತಿ ಆದವಳಿಗೆ ಅದು ತಿಳಿಯುವುದಿಲ್ಲವಾ.

ಹಾಗಂತ ಮನೆಗೆ ಹೋದ ಕೂಡಲೇ ಎದುರು ಕೂರಿಸಿ ಭಾಷಣ ಮಾಡಬೇಡ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿರುವಾಗ, ಮುಖ ನೋಡದೆ, "ಅಮ್ಮಾ, ಡಾಕ್ಟರ್ ಹೇಳಿದ್ದರಲ್ಲಿ ನಿಮಗೆ ಏನಾದರೂ ಕೇಳಲಿಕ್ಕೆ ಉಂಟಾ?" ಅಂತ ಕೇಳು. ಅಷ್ಟೇ. ಅವರು ಇಲ್ಲ ಅಂದರೆ ಇಲ್ಲ. ಮತ್ತೊಂದು ವಾರ ಕೇಳು.

ಕೇಳಿದರೆ ಸುಳ್ಳು ಹೇಳಬೇಡ. ಇದು ಪೂರ್ತಿ ವಾಸಿಯಾಗುವ ಕಾಯಿಲೆ ಅಂತ ನನಗೂ ಯಾರೂ ಹೇಳಿಲ್ಲ. ಹಿಡಿತದಲ್ಲಿ ಇಡಬಹುದು, ಕೆಲವರಿಗೆ ವರ್ಷಗಟ್ಟಲೆ. ನನಗೆ ಮೊದಲು ನಿಮ್ಮ ಅಮ್ಮನ ಹಾಗೇ ಇಂಜೆಕ್ಷನ್, ಆಮೇಲೆ ನನ್ನದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕೋಶ) ತೆಗೆದು, ದೊಡ್ಡ ಡೋಸಿನ ಕಿಮೋ ಔಷಧಿ ಕೊಟ್ಟು, ತಿರುಗಿ ಮೈಗೆ ಹಾಕಿದರು. ಆ ಔಷಧಿ ಹೋಗುವಾಗ ಬಾಯಿ ಹುಣ್ಣಾಗದಿರಲಿ ಅಂತ ಐಸ್ ಚೀಪಿಸುತ್ತಾರೆ. ನರ್ಸಮ್ಮ ಐಸ್ ಬಟ್ಟಲು ಹಿಡಿದು ನಿಂತಾಗ ನನಗೆ ಶಾಲೆಯ ಗೇಟಿನ ಹತ್ತಿರದ ಐಸ್‌ಕ್ಯಾಂಡಿ ಸೈಕಲ್ಲು ನೆನಪಾಗಿ ನಗು ಬಂತು. ಈಗ ದಿನಕ್ಕೊಂದು ಕ್ಯಾಪ್ಸೂಲ್, 21 ದಿನ ತಗೊಂಡು 7 ದಿನ ಬಿಡುವುದು. ಹೋದ ವಾರ ಹಪ್ಪಳ ಲಟ್ಟಿಸಿದೆ.

ಎರಡನೆಯದು, ಆ ಪುಸ್ತಕ ಯಾಕೆ ಕೊಟ್ಟಿರಿ? ಬೆನ್ನಿನ ಮೂಳೆ ಮುರಿದವರಿಗೆ ಭಾರ ಎತ್ತಬಾರದು, ಸರಿ. ಪುಸ್ತಕ ಎಷ್ಟು ಭಾರ ಇರುತ್ತದೆ? ಬೀಡಿ ಹೋಯಿತು, ಜಗಲಿಯ ಹೆಂಗಸರು ಹೋದರು, ಬಾವಿ ಕಟ್ಟೆ ಹೋಯಿತು, ಕೊನೆಗೆ ಲೆಕ್ಕವೂ ಹೋಯಿತು. ಎಲ್ಲರೂ ಪಾಪ ಪಾಪ ಅನ್ನುತ್ತಲೇ ಒಂದೊಂದನ್ನೇ ತಗೊಂಡು ಹೋದರು. ನನಗೆ ಕಾಯಿಲೆ ಬಂದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಯಲಿಲ್ಲ, ನಿಮಗೆ ತೊಂದರೆ ಆದೀತು ಅಂತ. ಕಾಯಿಲೆಯ ಹೆಸರು ಕೇಳಿದಾಗ ಅಳು ಬಂದಿರಲಿಲ್ಲ, ಅವತ್ತು ಬಂತು.

ನನ್ನ ನಂಬರ್ ನಿನಗೆ ಖಾಸಗಿಯಾಗಿ ಕಳಿಸಿದ್ದೇನೆ. ಹಟ್ಟಿಯ ಹತ್ತಿರ ನಿಂತು ಮಾತಾಡುವುದು ಬೇಡ. ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ, ತುಳುವಿನಲ್ಲೇ. ನೀನು ಮಣಿಪಾಲದಲ್ಲಿ ಡೌನ್‌ಲೋಡ್ ಮಾಡಿಕೊಂಡು ರಾತ್ರಿ ಕೇಳಿಸು. ಉತ್ತರ ಕೊಡಲೇಬೇಕು ಅಂತ ಇಲ್ಲ ಅಂತ ಹೇಳು.

---

ಬೆಳ್ತಂಗಡಿ_ಅಪ್ಪ
ಸೋಮವಾರ, ರಾತ್ರಿ 9.30

ಟೀಚರ್ ಹೇಳಿದ ಮೇಲೆ ನನ್ನದೇನೂ ಇಲ್ಲ. ಒಂದೇ ಮಾತು, ಅಣ್ಣಾ, ನಿಮಗೆ.

ನನ್ನ ಮಗಳಿಗೆ ಎ.ಎಲ್.ಎಲ್., ಮಕ್ಕಳಿಗೆ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರ್. ಎರಡೂವರೆ ವರ್ಷದ ಚಿಕಿತ್ಸೆ, ಈಗ ಮನೆಯಲ್ಲಿ ಮಾತ್ರೆಯ ಹಂತ. ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ ಅಂತ ಡಾಕ್ಟರ್ ಮೊದಲ ದಿನವೇ ಹೇಳಿದ್ದರು, ಆದರೂ ನನಗೆ ಏನೂ ಕೇಳಿಸಿರಲಿಲ್ಲ. ಮಗಳ ಎದುರು, ಹೆಂಡತಿಯ ಎದುರು ಗಟ್ಟಿಯಾಗಿದ್ದೆ. ಒಂದು ದಿನ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ವಾ ಅಂದದ್ದಕ್ಕೆ ಅತ್ತುಬಿಟ್ಟೆ. ಆತ ಗಾಬರಿಯಾಗಿ ಟಿಕೆಟ್ಟೇ ಬೇಡ ಅಂದ!

ನೀವು ಮನೆ ಸೇರುವುದು ಲಾಸ್ಟ್ ಬಸ್ಸಿನಲ್ಲಿ ಅಂತ ಹೆಸರು ನೋಡಿದರೆ ತಿಳಿಯುತ್ತದೆ. ನಿಮ್ಮ ಬಗ್ಗೆ ಅಷ್ಟು ಉದ್ದ ಬರೆದದ್ದರಲ್ಲಿ ಒಂದು ಸಾಲು ಇಲ್ಲ, ಜೆರಾಕ್ಸ್ ಮೆಷಿನ್ ಬಿಟ್ಟರೆ. ಅಕ್ಕನನ್ನು ಒಂದು ವಾರಕ್ಕೆ ಕರೆಸಿ. ಆ ವಾರ ನಿದ್ದೆ ಮಾಡಿ.

---

ಹೆಬ್ರಿ_ಲಾಸ್ಟ್‌ಬಸ್
ಗುರುವಾರ, ರಾತ್ರಿ 11.10

ಮೊನ್ನೆ ಬಸ್ಸಿನಲ್ಲಿ ಟೀಚರ್ ಹೇಳಿದ ಹಾಗೇ ಕೇಳಿದೆ. ಹಿರಿಯಡ್ಕ ದಾಟಿತ್ತು. ಅಮ್ಮ ಪರ್ಕಳ ಬರುವ ತನಕ ಏನೂ ಹೇಳಲಿಲ್ಲ. ಆಮೇಲೆ ಕಿಟಕಿ ಕಡೆ ನೋಡುತ್ತಲೇ ಹೇಳಿದರು, "ಕ್ಯಾನ್ಸರ್ ಅಂತ ನನಗೆ ಗೊತ್ತುಂಟು. ಅಕ್ಕನಿಗೆ ಹೇಳಬೇಡ, ಅವಳು ಅಳ್ತಾಳೆ." ಅಮ್ಮನ ಬಗ್ಗೆ ಅಕ್ಕ ನನಗೆ ಹೇಳಿದ್ದೂ ಇದೇ ಮಾತು.

ಹೇಳಬೇಕಾದ ಮುಖ್ಯ ವಿಷಯ ಬೇರೆ. ನಿನ್ನೆ ರಾತ್ರಿ ಎಚ್ಚರವಾಯಿತು. ಜಗಲಿಯಲ್ಲಿ ಲೈಟು ಇತ್ತು. ಅಮ್ಮ ಹಳೆ ತಡ್ಪೆ ತೊಡೆ ಮೇಲೆ ಇಟ್ಟುಕೊಂಡಿದ್ದರು. ಹೊಗೆಸೊಪ್ಪು ಇಲ್ಲ, ಒಂದು ಒಣಗಿದ ಎಲೆ, ಒಂದು ನೂಲಿನ ಉಂಡೆ. ಎಲೆ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡಿದ್ದರು. ಸುರುಳಿ ಸುತ್ತಿದರು. ನೂಲು ಸುತ್ತಲು ಹೋದರೆ ಬೆರಳಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನೂಲು ಕೈಯಲ್ಲಿ ಇದೆಯೋ ಇಲ್ಲವೋ ಅಂತ ಪ್ರತಿ ಸಲ ಕಣ್ಣಿಂದ ನೋಡುತ್ತಿದ್ದರು. ಕತ್ತಲಲ್ಲಿ, ಕರೆಂಟ್ ಹೋದಾಗ, ನಮಗೆ ಕತೆ ಹೇಳುತ್ತಾ ಸಾವಿರ ಕಟ್ಟಿದ ಕೈ ಅದು.

ಹತ್ತಿರ ಹೋಗಿ ಕೂತೆ. ಒಂದು ತಿಂಗಳಿನಿಂದ ಬೆರಳ ತುದಿ ಮರಗಟ್ಟಿದೆಯಂತೆ, ಪಾದ ರಾತ್ರಿ ಉರಿಯುತ್ತದಂತೆ. ಕ್ಯಾನ್ಸರ್ ಕೈಗೆ ಬಂತು ಅಂದುಕೊಂಡಿದ್ದಾರೆ. ಹೇಳಿದರೆ ನಾನು ಹೆದರುತ್ತೇನೆ ಅಂತ ಹೇಳಿಲ್ಲ.

---

ಡೇಕೇರ್_ಸಿಸ್ಟರ್
ಶುಕ್ರವಾರ, ಬೆಳಿಗ್ಗೆ 6.05

ಅದು ಕ್ಯಾನ್ಸರ್ ಹರಡಿದ್ದಲ್ಲ, ಹೆಚ್ಚಾಗಿ ಬೋರ್ಟೆಝೋಮಿಬ್‌ನಿಂದ ನರಕ್ಕೆ ಆಗುವ ತೊಂದರೆ. ಬಹಳ ಜನರಿಗೆ ಆಗುತ್ತದೆ. ಬೇಗ ಹೇಳಿದರೆ ಡೋಸ್ ಕಮ್ಮಿ ಮಾಡುತ್ತಾರೆ, ಇಲ್ಲ ಒಂದೆರಡು ವಾರ ಬಿಟ್ಟು ಕೊಡುತ್ತಾರೆ, ಆಗ ಹೆಚ್ಚಿನವರಿಗೆ ನಿಧಾನಕ್ಕೆ ಕಮ್ಮಿಯಾಗುತ್ತದೆ. ತಡ ಮಾಡಿದರೆ ಉಳಿದುಬಿಡಬಹುದು. ಮಂಗಳವಾರದ ತನಕ ಕಾಯದೆ ನಿಮ್ಮ ವಿಭಾಗಕ್ಕೆ ಇವತ್ತೇ ಹೋಗಿ ಹೇಳಿ, ಹೇಗೂ ಮಣಿಪಾಲದಲ್ಲೇ ಇರುತ್ತೀರಲ್ಲ. ಅಲ್ಲಿ ತನಕ ಕೈಗೆ ಬಿಸಿ ಪಾತ್ರೆ ಕೊಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಚಪ್ಪಲಿ ಹಾಕದೆ ಅಂಗಳಕ್ಕೆ ಇಳಿಯುವುದು ಬೇಡ.

ಬೀಡಿ ಕಟ್ಟಿದ್ದಕ್ಕೆ ಕಾಯಿಲೆ ಬಂತಾ ಅಂತಲೂ ಡಾಕ್ಟರ ಬಾಯಿಂದಲೇ ಅಮ್ಮನ ಎದುರು ಕೇಳಿಸಿ. ಇದು ಸಾಮಾನ್ಯವಾಗಿ ಇಂಥದ್ದಕ್ಕೇ ಬಂತು ಅಂತ ಹೇಳಬಹುದಾದ ಕಾಯಿಲೆ ಅಲ್ಲ.

---

ಉಪ್ಪಿನಂಗಡಿ_ಟೀಚರ್
ಶುಕ್ರವಾರ, ಬೆಳಿಗ್ಗೆ 7.40

ನನಗೂ ಪಾದ ಉರಿಯುತ್ತಿತ್ತು. ಸೀಮೆಸುಣ್ಣ ಹಿಡಿದರೆ ಹಿಡಿದ ಹಾಗೇ ಆಗುತ್ತಿರಲಿಲ್ಲ. ಈಗ ಅರ್ಧಕ್ಕಿಂತ ಜಾಸ್ತಿ ಕಮ್ಮಿಯಾಗಿದೆ. ಇವತ್ತಿನ ವಾಯ್ಸ್ ಮೆಸೇಜಿನಲ್ಲಿ ಬೆರಳಿನ ಕತೆಯನ್ನೇ ಹೇಳಿದ್ದೇನೆ, ಕೇಳಿಸು.

ಪುಸ್ತಕ ಏನಾಯಿತು?

---

ಹೆಬ್ರಿ_ಲಾಸ್ಟ್‌ಬಸ್
ಭಾನುವಾರ, ರಾತ್ರಿ 9.55 (ಮೂರು ವಾರದ ನಂತರ)

ತಡ ಆಯ್ತು, ಕ್ಷಮಿಸಿ. ಅಕ್ಕ ಬಂದಿದ್ದಳು. ನಾನು ನಿಜವಾಗಿಯೂ ನಿದ್ದೆ ಮಾಡಿದೆ, ಬೆಳ್ತಂಗಡಿ ಅಣ್ಣಾ. ಒಂದು ದಿನ ಮಧ್ಯಾಹ್ನದ ತನಕ.

ಒಂದು ಇಂಜೆಕ್ಷನ್ ಬಿಡಿಸಿ, ಆಮೇಲಿನಿಂದ ಡೋಸ್ ಇಳಿಸಿದ್ದಾರೆ. ಪಾದದ ಉರಿ ಸ್ವಲ್ಪ ಕಮ್ಮಿ, ಬೆರಳು ಹಾಗೇ ಇದೆ. ಡೆಕ್ಸಾ ಈಗ ಬೆಳಿಗ್ಗೆ, ಇಡ್ಲಿ ಆದ ಮೇಲೆ. ಶುಕ್ರವಾರ ಈಗಲೂ ಸಪ್ಪೆ ಇರುತ್ತಾರೆ. ಆದರೆ "ಇವತ್ತು ಶುಕ್ರವಾರ ಅಲ್ವಾ" ಅಂತ ಅವರೇ ಹೇಳುತ್ತಾರೆ. ನೋಡಲು ಬಂದವರಿಗೂ ಹಾಗೇ ಹೇಳಿ ವಾಪಸು ಕಳಿಸುತ್ತಾರೆ.

ಬೀಡಿಯ ಪ್ರಶ್ನೆ ಅಮ್ಮನೇ ಡಾಕ್ಟರಿಗೆ ಕೇಳಿದರು. ಅಲ್ಲ ಅಂದರು ಅವರು. ಮನೆಗೆ ಬಂದ ಮೇಲೆ ಅಮ್ಮ ಮೊದಲು ಫೋನ್ ಮಾಡಿಸಿದ್ದು ಆ ಮಾತು ಹೇಳಿ ಹೋದವರಿಗೆ. ಅದೂ ಹಟ್ಟಿಯ ಹತ್ತಿರ ನಿಂತು, ಊರಿಗೆಲ್ಲ ಕೇಳುವ ಹಾಗೆ.

ಟೀಚರ್, ನಿಮ್ಮ ಮೆಸೇಜ್ ದಿನಾ ಕೇಳುತ್ತಾರೆ. ಉತ್ತರ ಕೊಡಲಿಕ್ಕೆ ಆ ಬಟನ್ ಒತ್ತಿ ಹಿಡಿಯಲು ಬೆರಳು ಕೇಳುವುದಿಲ್ಲ, ನಾನು ಒತ್ತಿ ಹಿಡಿದು ಮುಖ ಆಚೆ ಮಾಡಿ ಕೂರಬೇಕು. ನಿಮ್ಮ ಹಪ್ಪಳಕ್ಕೆ ಉಪ್ಪು ಜಾಸ್ತಿ ಆಗಿರಬೇಕು ಅಂತ ಯಾಕೆ ಹೇಳಿದರೋ ನನಗೆ ಗೊತ್ತಿಲ್ಲ, ತಿಂದವರೂ ಅಲ್ಲ.

ಪುಸ್ತಕ ಬಂತು. ನಾನೇ ಹೋಗಿ ಕೇಳಿದೆ. ತಗೊಂಡು ಹೋದವರಿಗೂ ವಾಪಸು ಕೊಟ್ಟು ಮುಗಿಸಿದರೆ ಸಾಕಾಗಿತ್ತಂತೆ, ಲೆಕ್ಕ ಕೂಡಿ ಬರುತ್ತಿರಲಿಲ್ಲ. ಈಗ ಭಾನುವಾರ ಸಂಘದ ಸಭೆ ನಮ್ಮ ಅಂಗಳದಲ್ಲೇ. ಶೀತ ಇದ್ದವರು ಬರಬಾರದು, ತಡ್ಪೆ ತರಬಾರದು ಅಂತ ಅಮ್ಮನದೇ ನಿಯಮ. ಅಕ್ಷರ ಮೊದಲಿನ ಹಾಗೆ ದುಂಡಗಿಲ್ಲ, ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟಿದ್ದೇನೆ.

ಹೋದ ಮಂಗಳವಾರ ರಾತ್ರಿ ನಿದ್ದೆ ಬಾರದೆ ಹಿಂದಿನ ಎರಡು ತಿಂಗಳ ಲೆಕ್ಕ ಪೂರ್ತಿ ತಿದ್ದಿದ್ದಾರೆ. 40 ರೂಪಾಯಿ ವ್ಯತ್ಯಾಸ ಸಿಕ್ಕಿತಂತೆ. ರಾತ್ರಿ ಎರಡೂವರೆಗೆ ನನ್ನನ್ನು ಎಬ್ಬಿಸಿ ತೋರಿಸಿದರು. ಇವತ್ತಿನ ಸಭೆಯಲ್ಲಿ ಆ 40 ರೂಪಾಯಿ ವಿಷಯಕ್ಕೆ ಒಂದು ಗಂಟೆ ಜಗಳ ಆಯಿತು.